ಮಕ್ಕಳ ಚಿಯರ್ ಸ್ಪರ್ಧೆಯ ಫೋಟೊ: ಕೈಕಾಲು ಮಸುಕು, ಕಿತ್ತಳೆ ಪಟ್ಟಿ, ತಪ್ಪಿದ ಫೋಕಸ್. ಸಲಹೆ ಬೇಕು

ಪ್ಲೇನೋ_ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಹತ್ತಿರ. ಮಗಳು ಆಲ್-ಸ್ಟಾರ್ ಚಿಯರ್ (ಶಾಲಾ ತಂಡವಲ್ಲ, ಸ್ಪರ್ಧೆಗಂತಲೇ ಇರೋ ಚಿಯರ್‌ಲೀಡಿಂಗ್) ಜಿಮ್ ಒಂದರಲ್ಲಿ ಯೂತ್ ಲೆವೆಲ್ 2 ತಂಡದಲ್ಲಿದ್ದಾಳೆ, ಸ್ಟಂಟ್‌ನಲ್ಲಿ ಬೇಸ್, ಅಂದ್ರೆ ಕೆಳಗೆ ನಿಂತು ಇನ್ನೊಬ್ಬಳನ್ನ ಎತ್ತಿ ಹಿಡಿಯೋಳು. ಮುಂದೆ ಎರಡು ಸ್ಪರ್ಧೆ ಇದೆ: ಒಂದು ಹೈಸ್ಕೂಲ್ ಜಿಮ್ನೇಷಿಯಮ್‌ನಲ್ಲಿ, ಇನ್ನೊಂದು ಕನ್ವೆನ್ಷನ್ ಸೆಂಟರ್‌ನ ದೊಡ್ಡ ಸ್ಟೇಜ್ ಮೇಲೆ, ಎರಡು ದಿನ.

ಕ್ಯಾಮೆರಾ ಕ್ಯಾನನ್ ಆರ್10, ಅದರ ಜೊತೆ ಬಂದ 18-150 ಲೆನ್ಸ್. ಈಗ ಬರ್ತಿರೋ ಫೋಟೊಗಳಲ್ಲಿ ಕಾಣೋ ತೊಂದರೆ ಇವು. ನೆಗೆದ ಮಕ್ಕಳ ಕೈಕಾಲು ಕರಗಿದ ಹಾಗೆ ಬರುತ್ತೆ. ಶಾಲೆಯ ಜಿಮ್‌ನಲ್ಲಿ ಒಂದೇ ಬರ್ಸ್ಟ್‌ನಲ್ಲಿ (ಗುಂಡಿ ಒತ್ತಿ ಹಿಡಿದು ಸಾಲಾಗಿ ತೆಗೆದಾಗ) ಒಂದು ಫೋಟೊ ಬೆಳ್ಳಗೆ, ಮುಂದಿನದು ಕಿತ್ತಳೆ, ಅದರ ಮುಂದಿನದು ಅರ್ಧ ಕತ್ತಲೆ. ಫೋಕಸ್ ಹಿಂದಿನ ಬ್ಯಾನರ್ ಮೇಲೆ ಹೋಗಿ ಕೂರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ ಮಗಳ ಮುಖವೇ ಸಿಗಲ್ಲ. ಪಕ್ಕದ ನೋಟ, ಇಲ್ಲಾಂದ್ರೆ ಮೇಲೆ ನೋಡ್ತಿರೋ ಗದ್ದ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಒಂದು ಕೊಳ್ಳಬಹುದು. ದುಬಾರಿ 70-200 ಈಗ ಆಗಲ್ಲ. ಏನು ಕೊಳ್ಳಲಿ, ಏನು ಸೆಟ್ ಮಾಡಲಿ, ಎಲ್ಲಿ ಕೂರಲಿ?

—

ಒಳಾಂಗಣ_ಬೆಳಕು:

ಮೊದಲು ಲೆನ್ಸ್ ವಿಷಯ ಮುಗಿಸೋಣ. ಕೈಕಾಲು ಕರಗುವುದಕ್ಕೆ ಮೂಲ ಅಲ್ಲೇ ಇದೆ.

ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು) ಮತ್ತು ಜಂಪ್ ಅಲುಗದೆ ಬರಬೇಕಾದರೆ ಶಟರ್ 1/1000 ಸೆಕೆಂಡ್ ಬೇಕು. ಡ್ಯಾನ್ಸ್‌ಗೆ 1/640. ಸ್ಟಂಟ್ ಮೇಲೆ ಹೋಗಿ ನಿಂತ ಕ್ಷಣಕ್ಕೆ 1/500 ಸಾಕು. 18-150 ಅನ್ನು ಪೂರ್ತಿ ಜೂಮ್ ಮಾಡಿದರೆ ಅದು ಎಫ್ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಒಂದು ಸ್ಟೇಜಿನ ಬೆಳಕಿಗೆ ಎಫ್ 2.8, 1/1000, ಐಎಸ್‌ಒ 3200 (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಸರಿಹೊಂದುತ್ತದೆ ಎಂದಿಟ್ಟುಕೊಳ್ಳಿ. ಅದೇ ಬೆಳಕಿನಲ್ಲಿ ಎಫ್ 6.3ಕ್ಕೆ ಐಎಸ್‌ಒ 16000 ಬೇಕು. ಎಫ್ 2ಕ್ಕೆ 1600 ಸಾಕು. ಆಟೊ ಮೋಡ್‌ನಲ್ಲಿ ಬಿಟ್ಟರೆ ಕ್ಯಾಮೆರಾ ಅಷ್ಟು ಐಎಸ್‌ಒ ಏರಿಸುವ ಬದಲು ಶಟರನ್ನು ನಿಧಾನ ಮಾಡಿಬಿಡುತ್ತದೆ.

ನಿಮ್ಮ ಬಜೆಟ್‌ಗೆ ನನ್ನ ಆಯ್ಕೆ ಹಳೆಯ ಇಎಫ್ 85 ಎಂಎಂ ಎಫ್ 1.8 ಯುಎಸ್‌ಎಂ, ಜೊತೆಗೆ ಕ್ಯಾನನ್‌ನದೇ ಇಎಫ್-ಇಒಎಸ್ ಆರ್ ಅಡಾಪ್ಟರ್. ಹೊಸ ಆರ್‌ಎಫ್ 85 ಎಫ್ 2 ಮ್ಯಾಕ್ರೋ ಕಡೆಗೆ ಮನಸ್ಸು ಹೋಗಬಹುದು. ಚಿತ್ರದ ಗುಣಮಟ್ಟ ಚೆನ್ನಾಗಿದೆ, ಆದರೆ ಅದರ ಫೋಕಸ್ ನಿಧಾನ, ಒಮ್ಮೆ ತಪ್ಪಿದರೆ ಹುಡುಕುತ್ತಾ ಹೋಗುತ್ತದೆ. ಈ ಕೆಲಸಕ್ಕೆ ಬೇಡ.

85 ಯಾಕೆ ಅಂದರೆ ಲೆಕ್ಕ ಹೀಗೆ. ಆರ್10ರ ಸೆನ್ಸರ್ 22.3 ಮಿ.ಮೀ. ಅಗಲ. ದೂರವನ್ನು 22.3ರಿಂದ ಗುಣಿಸಿ ಲೆನ್ಸ್‌ನ ಎಂಎಂನಿಂದ ಭಾಗಿಸಿದರೆ ಚೌಕಟ್ಟಿನ ಉದ್ದ ಸಿಗುತ್ತದೆ. 20 ಮೀಟರ್ ದೂರದಿಂದ 85ಕ್ಕೆ 5.2 ಮೀಟರ್. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ 5.2 ಮೀಟರ್ ಎತ್ತರ, 3.5 ಮೀಟರ್ ಅಗಲ. ಬೇಸ್ ಮಕ್ಕಳ ಷೂನಿಂದ ಹಿಡಿದು ಎತ್ತಿ ನಿಲ್ಲಿಸಿದ ಫ್ಲೈಯರ್‌ನ ಬೆರಳ ತುದಿಯವರೆಗೂ ಹಿಡಿಸಿ, ಮೇಲೆ ಕೆಳಗೆ ಜಾಗ ಉಳಿಯುತ್ತದೆ. ಆ ದೂರದಲ್ಲಿ ಎಫ್ 2ಕ್ಕೂ ಸುಮಾರು 4 ಮೀಟರ್ ಆಳ ಸ್ಫುಟವಾಗಿರುತ್ತದೆ, ಹಾಗಾಗಿ ಇಡೀ ಸ್ಟಂಟ್ ಗುಂಪು ಫೋಕಸ್‌ನಲ್ಲೇ ಇರುತ್ತದೆ.

ಈಗ ಕಿತ್ತಳೆ ಪಟ್ಟಿ. ಅಮೆರಿಕದ ಕರೆಂಟು 60 ಹರ್ಟ್ಸ್, ಆದ್ದರಿಂದ ಜಿಮ್‌ನ ಹಳೆಯ ದೀಪಗಳು ಸೆಕೆಂಡಿಗೆ 120 ಸಲ ಏರಿಳಿಯುತ್ತವೆ; ಊರಲ್ಲಾದರೆ 50 ಹರ್ಟ್ಸ್, 100 ಸಲ. ಕಣ್ಣಿಗೆ ಕಾಣುವುದಿಲ್ಲ. 1/1000ರಲ್ಲಿ ಶಟರ್ ಆ ಏರಿಳಿತದ ಎಂಟನೇ ಒಂದು ಭಾಗವನ್ನಷ್ಟೇ ಹಿಡಿಯುತ್ತದೆ. ದೀಪ ಏರಿದ್ದಾಗ ಸಿಕ್ಕಿದ ಫೋಟೊ ಬೆಳ್ಳಗೆ, ಇಳಿದಾಗ ಸಿಕ್ಕಿದ್ದು ಕಂದು ಕಿತ್ತಳೆ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಶೂಟಿಂಗ್ ಆನ್ ಮಾಡಿ. ಕ್ಯಾಮೆರಾ ಬೆಳಕು ಏರಿದ ಗಳಿಗೆಗೆ ಕಾದು ಕ್ಲಿಕ್ಕಿಸುತ್ತದೆ. ಬರ್ಸ್ಟ್ ಸ್ವಲ್ಪ ನಿಧಾನವಾಗುತ್ತದೆ, ಅದು ಸಹಿಸಬಹುದಾದ ನಷ್ಟ.

ಕನ್ವೆನ್ಷನ್ ಸೆಂಟರ್‌ನ ಎಲ್‌ಇಡಿ ದೀಪ ಬೇರೆ ಜಾತಿ. ಅವು ಇನ್ನೂ ವೇಗವಾಗಿ ಮಿನುಗುತ್ತವೆ, ಆಂಟಿ-ಫ್ಲಿಕರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಬಳಸಲೇಬೇಡಿ. ಆರ್10ರಲ್ಲಿ ಅದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದುವುದರಿಂದ ಅಡ್ಡ ಪಟ್ಟಿ ಬೀಳುತ್ತದೆ, ಬೀಸುವ ಕಾಲು ಬಾಗಿದಂತೆ ಕಾಣುತ್ತದೆ. ಮೆಕ್ಯಾನಿಕಲ್ ಶಟರ್ ಇಟ್ಟು, ನಿಮ್ಮ ತಂಡಕ್ಕೆ ಮುಂಚೆ ಬರುವ ತಂಡಗಳ ಮೇಲೆ 1/1000, 1/800, 1/640 ಒಂದೊಂದೇ ಹಾಕಿ ನೋಡಿ. ಪಟ್ಟಿ ಕಾಣದ ವೇಗ ಒಂದು ಸಿಗುತ್ತದೆ.

ಎಕ್ಸ್‌ಪೋಷರ್ ಪೂರ್ತಿ ಮ್ಯಾನುಯಲ್ ಇಡಿ, ಐಎಸ್‌ಒ ಕೂಡ. ಹಿಂದೆ ಕಪ್ಪು ಪರದೆ ಇದ್ದಾಗ ಮೀಟರ್ ಮೋಸ ಹೋಗಿ ಮುಖಗಳನ್ನು ಬಿಳಿಚಿಸುತ್ತದೆ. ಹಿಂದಿನ ಎಲ್‌ಇಡಿ ಗೋಡೆ ಬೆಳಗಿದಾಗ ಅದೇ ಮೀಟರ್ ಮುಖಗಳನ್ನು ಕತ್ತಲು ಮಾಡುತ್ತದೆ. ಸ್ಟೇಜಿನ ಬೆಳಕು ಒಂದು ತಂಡದಿಂದ ಇನ್ನೊಂದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಒಮ್ಮೆ ಹೊಂದಿಸಿದರೆ ಸಾಕು. ಡ್ರೆಸ್ ಮೇಲಿನ ಹರಳುಗಳು ಚುಕ್ಕಿ ಚುಕ್ಕಿಯಾಗಿ ಉರಿದುಹೋದರೆ ಯೋಚನೆ ಬೇಡ, ಹಣೆ ಮತ್ತು ಕೆನ್ನೆ ಉರಿಯಬಾರದು. ನಮ್ಮ ಮಕ್ಕಳ ಕಪ್ಪು ಕೂದಲು ಕಪ್ಪು ಪರದೆಯಲ್ಲಿ ಕಳೆದುಹೋಗುತ್ತದೆ, ಹಾಗಾಗಿ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಫೈಲ್‌ನಲ್ಲಿ ತೆಗೆದು ಆಮೇಲೆ ನೆರಳಿನ ಭಾಗವನ್ನು ತುಸು ಎತ್ತಿ. ವೈಟ್ ಬ್ಯಾಲೆನ್ಸ್ ಆಟೊ ಬೇಡ. ಚಿಯರ್ ಷೂ ಬಹುತೇಕ ಬಿಳಿ. ಮೊದಲ ಫೋಟೊದಲ್ಲಿ ಷೂ ಮೇಲೆ ವೈಟ್ ಬ್ಯಾಲೆನ್ಸ್ ಹಿಡಿದು ಉಳಿದವಕ್ಕೆಲ್ಲ ಅದನ್ನೇ ಹಚ್ಚಿ. ಅಷ್ಟಾದರೂ ಗದ್ದದ ಕೆಳಗೆ ನೀಲಿ ಉಳಿದರೆ ಅದು ನೀಲಿ ನೆಲದಿಂದ ಪುಟಿದ ಬೆಳಕು, ಆ ಭಾಗಕ್ಕಷ್ಟೇ ನೀಲಿ ಇಳಿಸಿ.

ಫೋಕಸ್: ಸರ್ವೋ ಎಎಫ್ (ಚಲಿಸುವವರನ್ನು ಬೆನ್ನುಹತ್ತುವ ಫೋಕಸ್), ಇಡೀ ಚೌಕಟ್ಟಿನ ಬದಲು ಸಣ್ಣ ಝೋನ್, ವ್ಯಕ್ತಿಗಳ ಪತ್ತೆ ಆನ್. ಟ್ರ್ಯಾಕ್ ಮಾಡುವ ವ್ಯಕ್ತಿಯನ್ನು ಬದಲಿಸುವ ಸೆಟ್ಟಿಂಗ್ 0ಗೆ ಇಡಿ, ಇಲ್ಲವಾದರೆ ಇಪ್ಪತ್ತು ಮುಖಗಳ ನಡುವೆ ಅದು ಜಿಗಿಯುತ್ತಲೇ ಇರುತ್ತದೆ. ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ತೆಗೆದು ಹಿಂದಿನ ಎಎಫ್-ಆನ್ ಗುಂಡಿಗೆ ಕೊಡಿ. ಬೇರೆ ಮಗು ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ.

ಕೊನೆಯದಾಗಿ ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಫೋಟೊಗಳು ತಂಗುವ ಜಾಗ. ಸೆಕೆಂಡಿಗೆ 15ರಂತೆ ರಾ ತೆಗೆದರೆ ಆರ್10 ಸುಮಾರು ಎರಡು ಸೆಕೆಂಡಿನಲ್ಲೇ ಉಸಿರುಗಟ್ಟುತ್ತದೆ. ಸಿ-ರಾ (ಕುಗ್ಗಿಸಿದ ರಾ) ಆರಿಸಿ, ಯುಎಚ್‌ಎಸ್-2 ಎಂಬ ವೇಗದ ಮೆಮೊರಿ ಕಾರ್ಡ್ ಹಾಕಿ, ಐದಾರು ಫೋಟೊಗಳ ಚಿಕ್ಕ ಬರ್ಸ್ಟ್ ಮಾತ್ರ ಒತ್ತಿ.

—

ಎಂಟರ_ಎಣಿಕೆ:

ಕ್ಯಾಮೆರಾ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ 85 ಒಂದನ್ನೇ ನೆಚ್ಚಿಕೊಳ್ಳೋದನ್ನ ನಾನು ಒಪ್ಪಲ್ಲ. ಪಿರಮಿಡ್ (ಹಲವು ಸ್ಟಂಟ್ ಗುಂಪುಗಳು ಕೂಡಿ ಕಟ್ಟೋದು) ಬಂದಾಗ 3.5 ಮೀಟರ್ ಅಗಲದಲ್ಲಿ ಏನೂ ಹಿಡಿಸಲ್ಲ. ಎರಡೂವರೆ ನಿಮಿಷದ ರುಟೀನ್‌ನಲ್ಲಿ ಲೆನ್ಸ್ ಬದಲಿಸೋಕೂ ಆಗಲ್ಲ. ನಿಮ್ಮದು ಎರಡು ದಿನದ ಸ್ಪರ್ಧೆ, ಎರಡೂ ದಿನ ಅದೇ ರುಟೀನ್ ಮಾಡ್ತಾರೆ. ಒಂದು ದಿನ 85 ಹಾಕಿ ಮಗಳಿಗೆ ಮೀಸಲಿಡಿ. ಇನ್ನೊಂದು ದಿನ 18-150 ಹಾಕಿ 27 ಎಂಎಂ ಆಸುಪಾಸಿನಲ್ಲಿ ಇಡೀ ತಂಡ ತೆಗೀರಿ. 20 ಮೀಟರ್‌ನಿಂದ ಅದಕ್ಕೆ ಪೂರ್ತಿ ನೆಲ ಸಿಗುತ್ತೆ, ಅಗಲಕ್ಕಿಟ್ಟಾಗ ಅಪರ್ಚರ್ ಕೂಡ ಅಷ್ಟು ಕೆಟ್ಟದಾಗಿರಲ್ಲ.

ಈ ಕೆಲಸದಲ್ಲಿ ಕ್ಯಾಮೆರಾಗಿಂತ ರುಟೀನ್ ಗೊತ್ತಿರೋದು ದೊಡ್ಡದು. ಆಲ್-ಸ್ಟಾರ್ ನೆಲ 54 ಅಡಿ ಅಗಲ, 42 ಅಡಿ ಆಳ. ಅದು 6 ಅಡಿ ಅಗಲದ ಒಂಬತ್ತು ಪಟ್ಟಿ ಮ್ಯಾಟ್ ಸೇರಿ ಆಗಿರೋದು, ಪಟ್ಟಿಗಳ ನಡುವಿನ ಗೆರೆ ನಿಮ್ಮ ಸೀಟಿಗೂ ಕಾಣುತ್ತೆ. ಮಕ್ಕಳಿಗೆ ತಾವು ನಿಲ್ಲೋ ಜಾಗ ಹೇಳಿಕೊಡೋದೇ ಈ ಪಟ್ಟಿಗಳ ಲೆಕ್ಕದಲ್ಲಿ. ಮಗಳನ್ನ ಕೂರಿಸಿಕೊಂಡು, ಅಭ್ಯಾಸದ ವಿಡಿಯೊ ಹಾಕಿ, ಪ್ರತಿ ಭಾಗಕ್ಕೂ ಕೇಳಿ ಬರ್ಕೊಳ್ಳಿ: ಓಪನಿಂಗ್‌ನಲ್ಲಿ ಎಷ್ಟನೇ ಪಟ್ಟಿ, ಜಂಪ್‌ನಲ್ಲಿ ಎಷ್ಟನೇದು, ಮುಂದಿನ ಸಾಲೋ ಹಿಂದಿನದೋ. ಎಡದಿಂದ ಎಣಿಸೋದು ನಿಮ್ಮ ಎಡವೋ ಅವಳ ಎಡವೋ ಅನ್ನೋದನ್ನ ಮೊದಲೇ ಗಟ್ಟಿ ಮಾಡ್ಕೊಳ್ಳಿ.

ಕೋಚ್‌ಗಳು ಎಣಿಸೋದು ಎಂಟರ ಲೆಕ್ಕದಲ್ಲಿ. ಮ್ಯೂಸಿಕ್ ನಿಮಿಷಕ್ಕೆ 144 ಬೀಟ್ ಇದ್ದರೆ ಒಂದು ಎಂಟು 3.3 ಸೆಕೆಂಡ್, 2 ನಿಮಿಷ 30 ಸೆಕೆಂಡಿಗೆ 45 ಎಂಟು. ಯಾವ ಎಂಟರಲ್ಲಿ ಮಗಳು ಮುಂದೆ ಬರ್ತಾಳೆ ಅನ್ನೋದನ್ನ ಗುರುತು ಹಾಕಿ. ಅವಳ ಮುಖ ಜಡ್ಜ್‌ಗಳ ಕಡೆ ತೆರೆದಿರೋ ಜಾಗ ಇಡೀ ರುಟೀನ್‌ನಲ್ಲಿ ಎಂಟು ಹತ್ತು ಸಿಕ್ಕರೆ ಹೆಚ್ಚು. ಅಷ್ಟನ್ನ ಬಿಡದೆ ಹಿಡಿದರೆ ಆಲ್ಬಂ ಆಯ್ತು.

ಜಂಪ್: ಗಾಳಿಯಲ್ಲಿ ಕಂಡ ಮೇಲೆ ಒತ್ತಿದರೆ ತಡ. ಈ ವಯಸ್ಸಿನ ಮಗು 25 ಸೆಂ.ಮೀ. ನೆಗೆದರೆ ಮೇಲೆ ಹೋಗೋಕೆ ಹಿಡಿಯೋದು 0.23 ಸೆಕೆಂಡ್. ನಮ್ಮ ಕಣ್ಣು ಕಂಡು ಬೆರಳು ಒತ್ತೋಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಹಾಗಾಗಿ ನೋಡಿ ಒತ್ತಿದ್ದೆಲ್ಲ ಇಳಿಯೋ ಫೋಟೊ: ಕಾಲು ಮಡಚಿ, ಕಣ್ಣು ನೆಲದ ಕಡೆ. ತೋಳು ಬೀಸಿ ಕೆಳಗೆ ಬಂದು ಮಂಡಿ ಬಾಗುತ್ತಲ್ಲ, ಆಗ ಒತ್ತಿ. ಸೆಕೆಂಡಿಗೆ 15ರಂತೆ ಇಡೀ ನೆಗೆತದಲ್ಲಿ ಆರೇಳು ಫ್ರೇಮ್ ಸಿಗುತ್ತೆ, ತುದಿಗೆ ಮುಟ್ಟಿದ್ದು ಅದರಲ್ಲಿ ಒಂದೋ ಎರಡೋ ಇರುತ್ತೆ.

ಟೋ ಟಚ್‌ನ ಎದುರಿನಿಂದಲೇ ತೆಗೀಬೇಕು, ಎರಡು ಕಾಲೂ ಬದಿಗೆ ಚಾಚಿರುತ್ತೆ. ಪೈಕ್‌ನಲ್ಲಿ ಕಾಲು ಎರಡೂ ಮುಂದಕ್ಕೆ, ಅದಕ್ಕೇ ಮಕ್ಕಳನ್ನ ಪಕ್ಕಕ್ಕೆ ತಿರುಗಿಸಿ ಮಾಡಿಸ್ತಾರೆ. ಹರ್ಕಿಯಲ್ಲಿ ಒಂದು ಕಾಲು ನೇರ, ಇನ್ನೊಂದು ಮಡಚಿದ್ದು. ಆ ಜಂಪ್‌ಗೆ ಹೆಸರು ಬಂದಿರೋದು ನಿಮ್ಮ ಡಲ್ಲಾಸ್‌ನವರೇ ಆದ ಲಾರೆನ್ಸ್ ಹರ್ಕಿಮರ್ ಅವರಿಂದ, 1948ರಲ್ಲಿ ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಶುರು ಮಾಡಿದವರು. ನೇರ ಕಾಲಿನ ಕಡೆ ಚೌಕಟ್ಟಿನಲ್ಲಿ ಜಾಗ ಬಿಡಿ, ಇಲ್ಲಾಂದ್ರೆ ಪಾದ ಕತ್ತರಿಸಿಹೋಗುತ್ತೆ.

ಟಂಬ್ಲಿಂಗ್: ಲೆವೆಲ್ 2 ಅಂದ್ರೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ವರೆಗೆ (ಹಿಂದಕ್ಕೆ ಬಾಗಿ ಕೈ ಊರಿ ಹೊಡೆಯೋ ಪಲ್ಟಿ), ಟಕ್ (ಕೈ ಊರದೆ ಗಾಳಿಯಲ್ಲೇ ಪಲ್ಟಿ) ಬರೋದು ಲೆವೆಲ್ 3ರಿಂದ. ಹ್ಯಾಂಡ್‌ಸ್ಪ್ರಿಂಗ್ ಎದುರಿನಿಂದ ಚೆನ್ನಾಗಿ ಬರಲ್ಲ, ಮುಖ ಕಾಣಲ್ಲ, ಟಾಪ್ ಜಾರಿರುತ್ತೆ. ಪಕ್ಕದಿಂದ, ಕೈ ನೆಲ ಮುಟ್ಟೋ ಮೊದಲು ಬೆನ್ನು ಕಮಾನಾದ ಫ್ರೇಮ್ ಒಳ್ಳೇದು. ಎದುರಿಗೇ ಕೂತಿದ್ದರೆ ಅದನ್ನ ಬಿಟ್ಟು, ಇಳಿದು ಪುಟಿದು ಎರಡು ಕೈ ಮೇಲೆತ್ತೋ ಕೊನೆ ಕ್ಷಣ ಹಿಡೀರಿ. ನಗು ಬರೋದು ಆಗಲೇ.

ಈಗ ಬೇಸ್ ಮಗುವಿನ ಮುಖ. ಸ್ಟಂಟ್‌ನಲ್ಲಿ ಇಬ್ಬರು ಬೇಸ್‌ಗಳು ಒಬ್ಬರಿಗೊಬ್ಬರು ಮುಖ ಮಾಡಿ ನಿಂತು, ಫ್ಲೈಯರ್‌ನ ಕಡೆ ಕಣ್ಣೆತ್ತಿರ್ತಾರೆ. ನಟ್ಟನಡುವಿನ ಸೀಟಿಂದ ಇಬ್ಬರದೂ ಪಕ್ಕದ ನೋಟವೇ. ಮಗಳು ನಿಮಗೆ ಬಲಗಡೆ ನಿಲ್ಲೋ ಬೇಸ್ ಆದರೆ ಅವಳ ಮುಖ ಎಡಕ್ಕೆ ತಿರುಗಿರುತ್ತೆ. ನೀವು ಎಡಕ್ಕೆ 30-40 ಡಿಗ್ರಿ ಸರಿದು ಕೂತರೆ ಮುಖ ತೆರೆದುಕೊಳ್ಳುತ್ತೆ. ಎಡಗಡೆ ಬೇಸ್ ಆದರೆ ನೀವು ಬಲಕ್ಕೆ. ಬ್ಯಾಕ್‌ಸ್ಪಾಟ್ (ಹಿಂದೆ ನಿಂತು ಆಸರೆ ಕೊಡೋ) ಮಗುವಿನ ಅಪ್ಪ ಅಮ್ಮ ಸ್ಟಂಟ್ ಫೋಟೊ ಆಸೆ ಬಿಟ್ಟು ಡ್ಯಾನ್ಸ್ ಮತ್ತು ಜಂಪ್‌ಗೆ ಕಾಯಬೇಕು, ಆ ಮಗು ಹಿಂದೆ ಮರೆಯಾಗಿರುತ್ತೆ.

ಮ್ಯೂಸಿಕ್ ನಿಂತ ಮೇಲೆ ಕ್ಯಾಮೆರಾ ಇಳಿಸಬೇಡಿ. ಒಂದೂ ಡಿಡಕ್ಷನ್ (ತಪ್ಪಿಗೆ ಅಂಕ ಕಡಿತ) ಇಲ್ಲದೆ ಮುಗಿಸಿದ್ದೀವಿ ಅಂತ ಗೊತ್ತಾದ ಮಕ್ಕಳು ಅಪ್ಪಿಕೊಳ್ಳೋದು, ಸ್ಟೇಜ್ ಮುಂದೆ ಇಡೀ ರುಟೀನನ್ನ ತಾವೂ ಕುಣೀತಿದ್ದ ಕೋಚ್‌ಗಳು ಹಾರಾಡೋದು, ಎಲ್ಲಾ ಆ ಹತ್ತು ಸೆಕೆಂಡಲ್ಲೇ.

—

ಮೂರನೇ_ಸಾಲು:

ಇಬ್ಬರೂ ಹೇಳದ ಒಂದು ವಿಷಯ: ಒಳಗೆ ಕ್ಯಾಮೆರಾ ಬಿಡುತ್ತಾರೋ ಇಲ್ಲವೋ. ದೊಡ್ಡ ಸ್ಪರ್ಧೆಗಳಲ್ಲಿ ಅಧಿಕೃತ ಫೋಟೊಗ್ರಾಫರ್‌ಗಳು ಇರುತ್ತಾರೆ. ಅಂಥ ಕಡೆ ಲೆನ್ಸ್ ಬಿಚ್ಚಿ ಹಾಕುವ ಕ್ಯಾಮೆರಾಗಳನ್ನು ಪ್ರೇಕ್ಷಕರಿಗೆ ನಿಷೇಧಿಸಿರುವುದು ಉಂಟು. ಲೆನ್ಸ್ ಕೊಳ್ಳುವ ಮೊದಲೇ ಎರಡೂ ಸ್ಪರ್ಧೆಗಳ ಪ್ರೇಕ್ಷಕರ ನಿಯಮ ಓದಿ, ಸಂದೇಹ ಇದ್ದರೆ ಜಿಮ್ ಮೂಲಕ ಕೇಳಿಸಿ. ಟ್ರೈಪಾಡ್, ಮೊನೊಪಾಡ್ ತರಬೇಡಿ, ಸಾಲುಗಳ ನಡುವೆ ಕಾಲಿಗೆ ಸಿಗುತ್ತವೆ.

ಫ್ಲಾಷ್ ಎಲ್ಲೂ ಇಲ್ಲ, ಮತ್ತು ಈ ನಿಯಮದ ಹಿಂದೆ ಗಟ್ಟಿ ಕಾರಣವಿದೆ. ಫ್ಲೈಯರ್ ಎದುರಿನ ಒಂದು ಬಿಂದುವಿನ ಮೇಲೆ ಕಣ್ಣು ನೆಟ್ಟು ಸಮತೋಲನ ಕಾಯುತ್ತಾಳೆ, ಬೇಸ್‌ಗಳು ಬೀಳುವವಳನ್ನು ಕಣ್ಣಿಂದಲೇ ಹಿಡಿಯುತ್ತಾರೆ. ಆರ್10ರ ಮೇಲಿನ ಫ್ಲಾಷನ್ನು ಮುಚ್ಚಿಡುವುದಷ್ಟೇ ಅಲ್ಲ, ಮೆನುವಿಗೆ ಹೋಗಿ ಎಎಫ್ ಅಸಿಸ್ಟ್ ಬೀಮ್ ಕೂಡ ಆಫ್ ಮಾಡಿ. ಕತ್ತಲಲ್ಲಿ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಕ್ಯಾಮೆರಾ ಬಿಡದಿದ್ದರೆ ಫೋನ್. ಮಗಳ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕಿನ ಗುರುತನ್ನು ತುಸು ಕೆಳಗೆಳೆಯಿರಿ. ಬೆಳಕು ಕಡಿಮೆಯಾದರೆ ಫೋನು ಟೆಲಿ ಲೆನ್ಸ್ ಬಿಟ್ಟು ಮುಖ್ಯ ಲೆನ್ಸ್‌ನ ಚಿತ್ರವನ್ನೇ ಕತ್ತರಿಸಿ ಕೊಡುವುದುಂಟು, ಆದ್ದರಿಂದ ಜೂಮ್ ಹೆಚ್ಚಿಸುವುದಕ್ಕಿಂತ ಹತ್ತಿರದ ಜಾಗ ಹುಡುಕುವುದು ಮೇಲು. ಅನೇಕ ಕಡೆ ನೆಲದ ಮೇಲಿರುವ ತಂಡದ ಪೋಷಕರಿಗೇ ಮುಂದೆ ಒಂದು ಜಾಗ ಬಿಟ್ಟಿರುತ್ತಾರೆ. ಹಿಂದಿನ ತಂಡದ ಪೋಷಕರು ಹೊರಬರುತ್ತಲೇ ಒಳಗೆ ಬಿಡುತ್ತಾರೆ. 4ಕೆ ವಿಡಿಯೊದಿಂದ ಫ್ರೇಮ್ ತೆಗೆದರೆ ಸುಮಾರು 8 ಮೆಗಾಪಿಕ್ಸೆಲ್ ಸಿಗುತ್ತದೆ. ಸ್ಟಂಟ್ ನಿಂತ ಕ್ಷಣಕ್ಕೆ ಅದು ಸಾಕು, ಜಂಪ್‌ಗೆ ಸಾಲದು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಇವರು ಎಂಟು ಹತ್ತು ವರ್ಷದ ಮಕ್ಕಳು, ಹಾಕಿರುವುದು ಗಿಡ್ಡ ಸ್ಕರ್ಟು. ಸ್ಟೇಜಿನ ಬುಡದಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ ಹೀಲ್ ಸ್ಟ್ರೆಚ್ (ಒಂದು ಕಾಲನ್ನು ತಲೆಯ ಪಕ್ಕಕ್ಕೆ ಎತ್ತಿ ಹಿಡಿಯುವುದು), ಟೋ ಟಚ್ ತೆಗೆಯಬೇಡಿ. ಸ್ಟೇಜಿನ ಮಟ್ಟಕ್ಕಿಂತ ಕಣ್ಣು ಮೇಲಿರುವ ಸೀಟು ಆರಿಸಿ. ಆಯ್ಕೆ ಮಾಡುವಾಗ ಪ್ರತಿ ಫೋಟೊಗೂ ಒಂದೇ ಪ್ರಶ್ನೆ: ಆ ಮಗು ದೊಡ್ಡವಳಾಗಿ ನೋಡಿದರೆ ಹೆಮ್ಮೆ ಪಡುತ್ತಾಳೆಯೇ? ಸಂದೇಹ ಬಂದದ್ದನ್ನು ಅಲ್ಲೇ ಅಳಿಸಿ, ಫೋಲ್ಡರ್‌ನಲ್ಲಿ ಉಳಿಸಲೂ ಬೇಡಿ. ಮಗು ಬಿದ್ದರೆ ಕ್ಯಾಮೆರಾ ಇಳಿಸಿ. ವಾರ್ಮ್-ಅಪ್ ಜಾಗದಲ್ಲಿ, ಮೇಕಪ್ ಮತ್ತು ಬಟ್ಟೆ ಬದಲಿಸುವ ಕಡೆ ಕ್ಯಾಮೆರಾ ಚೀಲದಿಂದ ಹೊರಗೆ ಬರಲೇಬಾರದು.

ಬೇರೆ ಮಕ್ಕಳಿರುವ ಫೋಟೊಗಳನ್ನು ಜಿಮ್‌ನ ಮುಚ್ಚಿದ ಗುಂಪಿಗೇ ಹಾಕಿ. ಬಹಿರಂಗವಾಗಿ ಹಾಕುವುದಾದರೆ ಆ ಪೋಷಕರನ್ನು ಕೇಳಿ. ಪೂರ್ತಿ ಹೆಸರು, ಜಿಮ್ ಹೆಸರು, ಊರು ಈ ಮೂರೂ ಒಂದೇ ಕಡೆ ಬೇಡ. ಫೋನ್ ಫೋಟೊಗಳಿಂದ ಲೊಕೇಶನ್ ತೆಗೆದು ಕಳಿಸಿ.

—

ಪ್ಲೇನೋ_ಅಮ್ಮ:

ಮೂವರಿಗೂ ತುಂಬಾ ಥ್ಯಾಂಕ್ಸ್. ನಿಯಮ ನೋಡಿದೆ: ಶಾಲೆಯ ಜಿಮ್‌ನಲ್ಲಿ ಕ್ಯಾಮೆರಾ ಬಿಡ್ತಾರೆ, ಕನ್ವೆನ್ಷನ್ ಸೆಂಟರ್‌ನಲ್ಲಿ ಫೋನ್ ಮಾತ್ರ. ಹಾಗಾದ್ರೆ ಜಿಮ್ ಒಂದಕ್ಕೆ ತಯಾರಾಗಬೇಕು. ಅಲ್ಲಿ ಪೋಷಕರು ಕೂರೋ ಬೆಂಚುಗಳಿಂದ ಮ್ಯಾಟ್ ನಡುವಿಗೆ ಸುಮಾರು 12 ಮೀಟರ್. ಮಗಳು ನಮಗೆ ಬಲಗಡೆಯ ಬೇಸ್, ನಾಲ್ಕನೇ ಪಟ್ಟಿ. 85 ಇಲ್ಲಿಗೂ ಸರಿಯಾ?

—

ಒಳಾಂಗಣ_ಬೆಳಕು:

ಸರಿಯಲ್ಲ. 12 ಮೀಟರ್‌ಗೆ 85ರಲ್ಲಿ ಲಂಬವಾಗಿ 3.1 ಮೀಟರ್ ಎತ್ತರ ಮಾತ್ರ; ಎತ್ತಿದ ಫ್ಲೈಯರ್‌ನ ತಲೆಯೋ ಬೇಸ್‌ಗಳ ಕಾಲೋ ಒಂದು ಕತ್ತರಿಸುತ್ತದೆ. ಆರ್‌ಎಫ್ 50 ಎಂಎಂ ಎಫ್ 1.8 ತೆಗೆದುಕೊಳ್ಳಿ, ಹೊಸದೇ ಅಗ್ಗ, ಅಡಾಪ್ಟರ್ ಬೇಡ. 5.4 ಮೀಟರ್ ಎತ್ತರ ಸಿಗುತ್ತದೆ, ಎಫ್ 2ಕ್ಕೆ ಆಳ 4 ಮೀಟರ್‌ಗಿಂತ ಹೆಚ್ಚು. ಫೋಕಸ್ ವೇಗದಲ್ಲಿ ಅದು ಯುಎಸ್‌ಎಂ ಲೆನ್ಸ್‌ನಷ್ಟು ಚುರುಕಲ್ಲ. ಆದರೆ ಮಗಳು ಒಂದೇ ಪಟ್ಟಿಯಲ್ಲಿ ನಿಲ್ಲುವ ಸ್ಟಂಟ್‌ಗೆ ಮೊದಲೇ ಫೋಕಸ್ ಹಿಡಿದು ಹೆಬ್ಬೆರಳು ಎತ್ತಿಟ್ಟುಕೊಂಡರೆ ಆ ಕೊರತೆ ಕಾಣುವುದಿಲ್ಲ.

—

ಎಂಟರ_ಎಣಿಕೆ:

ಜಿಮ್ ಬೆಂಚಲ್ಲಿ ಎಡಭಾಗ, ಮೇಲಿನ ಸಾಲು ಹಿಡೀರಿ. ಬೇಸ್ ಮಕ್ಕಳು ಕಣ್ಣೆತ್ತಿ ಮೇಲೆ ನೋಡ್ತಿರ್ತಾರೆ, ಕೆಳಗಿಂದ ತೆಗೆದದ್ದಕ್ಕೇ ನಿಮಗೆ ಗದ್ದ ಸಿಕ್ಕಿರೋದು. ಮೇಲಿಂದ ಅದೇ ಮುಖ ಪೂರ್ತಿ ಕಾಣುತ್ತೆ. ನೀವು ಎಡಕ್ಕೆ ಸರಿದಷ್ಟೂ ಹಿನ್ನೆಲೆ ಬದಲಾಗುತ್ತೆ: ಅಲ್ಲಿ ತೆರೆದ ಬಾಗಿಲೋ ಬಿಸಿಲು ಬೀಳೋ ಕಿಟಕಿಯೋ ಇದ್ದರೆ ಮುಖ ಕಪ್ಪಾಗುತ್ತೆ, ಎರಡು ಸೀಟು ಆಚೀಚೆ ಸರಿದು ಅದನ್ನ ಚೌಕಟ್ಟಿಂದ ತಪ್ಪಿಸಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಜಾಗ ನೋಡ್ಕೊಳ್ಳಿ, ಆಮೇಲೆ ಆ ಸಾಲು ಸಿಗಲ್ಲ.